ಕರಗಿ ಮತ್ತೆ ಗಟ್ಟಿಯಾದ ಎಲುಬು

ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಪಕ್ಕಕ್ಕೆ ಒಂದು ಸ್ಟೋರ್ ಇತ್ತು. ಅದರ ಮೂಲೆಯಲ್ಲಿ ಒಂದು ಡೀಪ್ ಫ್ರೀಜರ್. ಐಸ್‌ಕ್ರೀಮ್ ಅಂಗಡಿಯಲ್ಲಿ ಇರುವುದಕ್ಕಿಂತ ಚಿಕ್ಕದು, ತಂಪು ಮಾತ್ರ ಅದಕ್ಕಿಂತ ಬಹಳ ಹೆಚ್ಚು. ಅದರೊಳಗೆ ಮನುಷ್ಯರ ಎಲುಬು ಇಡುತ್ತಿದ್ದರು. ವಯಸ್ಸಾದವರಿಗೆ ಸೊಂಟದ ಕೀಲು ಬದಲಿಸುವಾಗ ತೊಡೆಯ ಎಲುಬಿನ ಮೇಲ್ತುದಿಯ ಗುಂಡನ್ನು ಕತ್ತರಿಸಿ ತೆಗೆಯುತ್ತಾರೆ. ಮೊದಲು ಅದನ್ನು ಎಸೆಯುತ್ತಿದ್ದರು. ನಮ್ಮ ಡಾಕ್ಟರ್ ಸಾಹೇಬರು ಬಂದ ಮೇಲೆ, ಕೊಡುವವರ ಒಪ್ಪಿಗೆ ಕೇಳಿ, ರಕ್ತ ಪರೀಕ್ಷೆ ಮಾಡಿಸಿ, ಮೂರು ಪದರದ ಚೀಲದಲ್ಲಿ ಕಟ್ಟಿ ಇಡತೊಡಗಿದರು. ಕೆಲವು ತಿಂಗಳ ಮೇಲೆ ಕೊಟ್ಟವರ ರಕ್ತವನ್ನು ಮತ್ತೊಮ್ಮೆ ನೋಡಿ, ಎಲ್ಲ ಸರಿ ಇದ್ದರೆ ಮಾತ್ರ ಆ ಎಲುಬು ಇನ್ನೊಬ್ಬರಿಗೆ ಹಾಕಲು ಬರುತ್ತದೆ. ಫ್ರೀಜರಿನ ಕೀಲಿ ನನ್ನ ಹತ್ತಿರ ಇರುತ್ತಿತ್ತು. ಮೊದಲ ದಿನವೇ ಸಾಹೇಬರು ನನಗೆ ಒಂದೇ ನಿಯಮ ಹೇಳಿದ್ದರು: ಒಮ್ಮೆ ಕರಗಿದರೆ ಅದು ಮುಗಿಯಿತು, ಮತ್ತೆ ಗಟ್ಟಿ ಮಾಡಿ ಹಾಕುವಂತಿಲ್ಲ, ಎಸೆದುಬಿಡಬೇಕು.

ನಾನು ಹೈಸ್ಕೂಲು ಮುಗಿಸಿದವನು. ಇಷ್ಟು ಅರ್ಥ ಮಾಡಿಕೊಳ್ಳಲು ಅದು ಸಾಕಾಗಿತ್ತು. ಅರ್ಥವಾಗಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ನಾನು ಹೇಳಹೊರಟ ಹುಡುಗಿ ಕಳ್ಳಕವಟಗಿ ಎಂಬ ಹಳ್ಳಿಯವಳು. ಶಾಲೆಯಲ್ಲಿ ಖೋಖೋ ಆಡುವಾಗ ಕುಳಿತವಳು ಎದ್ದು ಓಡಲು ಹೋಗಿ ಕುಸಿದಿದ್ದಳು. ಯಾರೂ ತಳ್ಳಿರಲಿಲ್ಲ, ಕಲ್ಲು ಎಡವಿರಲಿಲ್ಲ. ಮನೆಯವರು ಮೊದಲು ತಿಕೋಟಾದಲ್ಲಿ ಪಟ್ಟಿ ಕಟ್ಟುವವನ ಹತ್ತಿರ ಕರೆದೊಯ್ದರು. ಅವನು ಎಣ್ಣೆ ಹಚ್ಚಿ ತಿಕ್ಕಿ, ನರ ಹೊರಳಿದೆ ಎಂದನಂತೆ. ಕುಂಟುವುದು ನಿಲ್ಲದಿದ್ದಾಗ ವಿಜಯಪುರಕ್ಕೆ, ನಮ್ಮ ಆಸ್ಪತ್ರೆಗೆ ತಂದರು. ಜೊತೆಗೆ ತಾಯಿ ಮತ್ತು ಅಜ್ಜಿ. ತಂದೆ ಬೋರ್‌ವೆಲ್ ಲಾರಿಯ ಮೇಲೆ ಊರೂರು ತಿರುಗುವವನು, ಫೋನಿನಲ್ಲಿ ಮಾತ್ರ ಸಿಗುತ್ತಿದ್ದ. ತಾಯಿ ತಿಕೋಟಾದ ಹತ್ತಿರ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕಡ್ಡಿ ಆರಿಸುವ ಕೆಲಸ ಮಾಡುತ್ತಿದ್ದಳು. ಹೀಗಾಗಿ ಎಲ್ಲ ನಿರ್ಧಾರ ಅವಳದೇ, ಆಕ್ಷೇಪಣೆ ಎಲ್ಲ ಅಜ್ಜಿಯದು.

ಎಕ್ಸ್‌ರೇಯಲ್ಲಿ ತೊಡೆಯ ಎಲುಬಿನ ಮೇಲ್ಭಾಗ, ಸೊಂಟದ ಕೀಲಿನಿಂದ ಸ್ವಲ್ಪ ಕೆಳಗೆ, ಮೊಟ್ಟೆಯಾಕಾರದ ಕರಿ ಪೊಳ್ಳು ಕಾಣುತ್ತಿತ್ತು. ಸುತ್ತ ಗೋಡೆ ತೆಳ್ಳಗೆ, ಬಳೆಯಷ್ಟು. ಬೆಳೆಯುವ ಮಕ್ಕಳಲ್ಲಿ ಇದು ಆಗುತ್ತದೆ. ಒಳಗೆ ನೀರು ತುಂಬಿಕೊಳ್ಳುತ್ತದೆ, ಎಲುಬು ಸವೆಯುತ್ತದೆ. ಕ್ಯಾನ್ಸರ್ ಅಲ್ಲ, ದೇಹದಲ್ಲಿ ಬೇರೆ ಕಡೆ ಹಬ್ಬುವುದಿಲ್ಲ. ಆದರೆ ಆ ಜಾಗದಲ್ಲಿ ಮುರಿದರೆ ಕಾಲು ಗಿಡ್ಡಾಗುತ್ತದೆ, ಕೀಲು ಕೆಡುತ್ತದೆ, ಜನ್ಮವಿಡೀ ಕುಂಟಬೇಕು.

ಇದನ್ನು ಸಾಹೇಬರು ಚೆನ್ನಾಗಿಯೇ ವಿವರಿಸಿದರು. ಹೊರಗೆ ಬಂದ ಮೇಲೆ ಅಜ್ಜಿ, ಎಲ್ಲರೂ ಕರೆಯುವಂತೆ ಚಾಚಾ ಎನ್ನುತ್ತ, ನನ್ನನ್ನು ಹಿಡಿದು ನಿಲ್ಲಿಸಿ ಮತ್ತೆ ಮೊದಲಿನಿಂದ ಕೇಳಿದಳು. ಎಲ್ಲರೂ ಹೀಗೆಯೇ. ಡಾಕ್ಟರ ಮುಂದೆ ತಲೆ ಅಲ್ಲಾಡಿಸುವುದು, ಆಮೇಲೆ ನನ್ನ ತಲೆ ತಿನ್ನುವುದು. ನಾನು ಸುಲಭವಾಗಲಿ ಎಂದು, ಹುಳ ತಿಂದ ಜೋಳದ ಕಾಳು ಇರುತ್ತದಲ್ಲ, ಹೊರಗೆ ಚೆಂದ ಒಳಗೆ ಪೊಳ್ಳು, ಹಾಗೆ ಎಂದೆ. ಅದೇ ತಪ್ಪಾಯಿತು. ಮರುವಾರ ಬಂದಾಗ ಹುಡುಗಿಗೆ ಬೇವಿನ ರಸ ಕುಡಿಸಿ ಕುಡಿಸಿ ಹೊಟ್ಟೆ ಕೆಡಿಸಿದ್ದರು. ಎಲುಬಿನ ಹುಳ ಸಾಯಲಿ ಎಂದು. ಸಾಹೇಬರು ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ.

ಮೊದಲು ಸೂಜಿಯಿಂದ ಪ್ರಯತ್ನಿಸಿದರು. ಹುಡುಗಿಗೆ ಅರಿವಳಿಕೆ ಕೊಟ್ಟು, ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಪರದೆಯಲ್ಲಿ ಎಲುಬು ನೋಡುತ್ತ, ದಪ್ಪ ಸೂಜಿಯನ್ನು ಆ ಪೊಳ್ಳಿನೊಳಗೆ ಇಳಿಸಿ ನೀರು ಎಳೆಯುವುದು. ಹಳದಿ ನೀರು ಬಂತು, ತಿಳಿ ಚಹಾದಂತೆ. ಒಳಗೆ ಗೋಡೆಗೆ ತಾಗುವಂತೆ ಔಷಧಿ ಬಿಟ್ಟರು. ಕೆಲವು ಮಕ್ಕಳಿಗೆ ಇಷ್ಟರಿಂದಲೇ ಎಲುಬು ತುಂಬಿಕೊಳ್ಳುತ್ತದೆ. ಇವಳಿಗೆ ತುಂಬಲಿಲ್ಲ. ಕೆಲವು ತಿಂಗಳ ಮೇಲೆ ಇನ್ನೊಮ್ಮೆ ಮಾಡಿದರು. ಆ ದಿನ ಸಿ-ಆರ್ಮ್ ನಡುವೆಯೇ ಕೆಟ್ಟು ನಿಂತಿತು. ಸೂಜಿ ಎಲುಬಿನಲ್ಲಿ, ಪರದೆ ಕಪ್ಪು. ಅದನ್ನು ನಡೆಸುವ ತಂತ್ರಜ್ಞ ಒದ್ದು, ತಟ್ಟಿ, ವೈರು ತೆಗೆದು ಹಾಕಿ ಮತ್ತೆ ಹಚ್ಚುವ ತನಕ ನಾವೆಲ್ಲ ಸೀಸದ ಏಪ್ರನ್ ಹೊತ್ತುಕೊಂಡು ಬೆವರು ಸುರಿಸುತ್ತ ನಿಂತೆವು. ಅದಕ್ಕೂ ಫಲ ಸಿಗಲಿಲ್ಲ. ಮುಂದಿನ ಎಕ್ಸ್‌ರೇಯಲ್ಲಿ ಪೊಳ್ಳು ಹಾಗೆಯೇ ಇತ್ತು, ಜೊತೆಗೆ ಗೋಡೆಯಲ್ಲಿ ಕೂದಲಿನಂಥ ಬಿರುಕು.

ಓಡಬೇಡ, ಹತ್ತಬೇಡ ಎಂದು ಹೇಳಿದ್ದೆವು. ಇವಳು ಎರಡನ್ನೂ ಮಾಡಿದ್ದಳು. ಶಾಲೆಯಿಂದ ಗೋಳಗುಮ್ಮಟ ನೋಡಲು ಕರೆದುಕೊಂಡು ಬಂದಾಗ, ಮಾಸ್ತರರು ಕೆಳಗೆ ಕೂರಿಸಿದ್ದರೂ ಸಂದಿನಲ್ಲಿ ನುಸುಳಿ ಮೇಲಕ್ಕೆ ಹತ್ತಿದ್ದಳಂತೆ. ನಾನು ಗದರಿದೆ.

“ಎಲ್ಲಾರೂ ಮ್ಯಾಲ ಹೋಗಿ ಒದರಾಕತ್ತಿದ್ರು ಚಾಚಾ,” ಎಂದಳು. “ನಾ ಒಬ್ಬಾಕಿ ಕೆಳಗ ಕುಂತು ಏನ್ ಕೇಳ್ಲಿ?”

ಈಗ ಎಲುಬು ತೆರೆದು ಮಾಡುವ ಆಪರೇಷನ್ ಬೇಕೇ ಬೇಕು ಎಂದು ಸಾಹೇಬರು ಹೇಳಿದರು. ತೊಡೆಯ ಪಕ್ಕದಿಂದ ಕೊಯ್ದು, ಎಲುಬಿನ ಗೋಡೆಯಲ್ಲಿ ಕಿಟಕಿ ತೆಗೆದು, ಒಳಗಿನ ಪೊರೆಯನ್ನು ಕೆರೆದು ತೆಗೆಯಬೇಕು. ಆ ಪೊರೆ ಉಳಿದರೆ ನೀರು ಮತ್ತೆ ತುಂಬುತ್ತದೆ. ಆಮೇಲೆ ಪೊಳ್ಳಿಗೆ ಎಲುಬಿನ ಚೂರು ತುಂಬಿ, ಮೊಣಕಾಲಿನ ಕಡೆಯಿಂದ ಎರಡು ಬಾಗುವ ಟೈಟಾನಿಯಂ ಸರಳು ಏರಿಸಿ ಆಧಾರ ಕೊಡಬೇಕು. ಮಗುವಿನ ಸ್ವಂತ ಎಲುಬನ್ನು ಸೊಂಟದಿಂದ ತೆಗೆಯಬಹುದು, ಆದರೆ ಅಷ್ಟು ದೊಡ್ಡ ಪೊಳ್ಳಿಗೆ ಅದು ಸಾಲುವುದಿಲ್ಲ, ಮತ್ತೊಂದು ಗಾಯವೂ ಆಗುತ್ತದೆ. ಅದಕ್ಕೆ ಫ್ರೀಜರಿನ ಎಲುಬು. ಆಗ ಒಳಗೆ ಇದ್ದದ್ದೇ ಒಂದು, ಅದು ಎರಡನೆಯ ಪರೀಕ್ಷೆಯೂ ಮುಗಿದು ಬಳಸಲು ಸಿದ್ಧವಾಗಿತ್ತು. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್‌ನ ಒಂದು ಸೋಮವಾರ ಎಂದು ನಿಗದಿಯಾಯಿತು.

ವಿಜಯಪುರದ ಏಪ್ರಿಲ್ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ಸ್ಟೋರಿನಲ್ಲಿ ಉಪಕರಣ ಬೇಯಿಸುವ ಆಟೋಕ್ಲೇವ್ ಕೂಡ ಇತ್ತು. ದಿನವಿಡೀ ಹಬೆ. ಒಳಗೆ ಕೂತು ಕತ್ತರಿ, ಚಿಮಟ, ಬಟ್ಟೆಗಳ ಗಂಟು ಕಟ್ಟುವುದು ನನ್ನ ಕೆಲಸ. ಒಂದು ಕೂಲರ್ ಕೊಡಿ ಎಂದು ಕೇಳಿ ಕೇಳಿ ಸಾಕಾಗಿ, ಕೊನೆಗೆ ಒಂದು ಹಳೆಯ ಕೂಲರ್ ಸಿಕ್ಕಿತ್ತು. ಆದರೆ ಜನರೇಟರ್ ಲೈನಿನ ಮೇಲೆ ಆ ಕೋಣೆಯಲ್ಲಿ ಇದ್ದದ್ದು ಎರಡೇ ದಪ್ಪ ಪ್ಲಗ್ಗು. ಒಂದು ಆಟೋಕ್ಲೇವಿಗೆ, ಇನ್ನೊಂದು ಫ್ರೀಜರಿಗೆ. ಉಳಿದ ಪ್ಲಗ್ಗುಗಳಲ್ಲಿ ಕರೆಂಟು ಹೋದರೆ ಕೂಲರೂ ಹೋಯಿತು. ಮಧ್ಯಾಹ್ನ ಕರೆಂಟು ಹೋಗದ ದಿನವೇ ಇರಲಿಲ್ಲ.

ಹೀಗಾಗಿ ನಾನು ಒಂದು ರೂಢಿ ಮಾಡಿಕೊಂಡಿದ್ದೆ. ಫ್ರೀಜರಿನ ಪ್ಲಗ್ ಕಿತ್ತು ಅಲ್ಲಿ ಕೂಲರ್ ಹಚ್ಚುವುದು, ಸ್ವಲ್ಪ ಹೊತ್ತು ಗಾಳಿ ತಿಂದು ಮತ್ತೆ ಫ್ರೀಜರ್ ಹಚ್ಚುವುದು. ಮುಚ್ಚಳ ತೆಗೆಯದಿದ್ದರೆ ತಂಪು ಹೋಗುವುದಿಲ್ಲ ಎಂದು ನನ್ನ ನಂಬಿಕೆ. ಚಿಕ್ಕಂದಿನಲ್ಲಿ ಬಬಲೇಶ್ವರದ ಸಂತೆಗೆ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು ಗೋಣಿಚೀಲ ಹೊದಿಸಿ ತರುತ್ತಿದ್ದರು. ಸಂಜೆಯ ತನಕ ಕರಗುತ್ತಿರಲಿಲ್ಲ. ಅದೇ ಲೆಕ್ಕ ನನ್ನ ತಲೆಯಲ್ಲಿ. ಎರಡು ಬೇಸಿಗೆ ಹೀಗೆ ಮಾಡಿ ಏನೂ ಆಗಿರಲಿಲ್ಲ. ಫ್ರೀಜರಿಗೆ ಎಚ್ಚರಿಕೆಯ ಗಂಟೆಯೊಂದು ಇತ್ತು, ಒಳಗೆ ಬಿಸಿಯಾದರೆ ಬ್ಯಾಟರಿ ಮೇಲೆ ಕೂಗುತ್ತಿತ್ತು. ಪ್ಲಗ್ ಕಿತ್ತಾಗಲೆಲ್ಲ ಅದರ ಕಿರಿಕಿರಿ. ಅದರ ಬಾಯಿಗೆ ಗಾಯಕ್ಕೆ ಅಂಟಿಸುವ ಪಟ್ಟಿಯನ್ನು ಎರಡು ಪದರ ಅಂಟಿಸಿದ್ದೆ.

ಆಪರೇಷನ್ನಿಗೆ ಮೊದಲಿನ ಶುಕ್ರವಾರ. ಮಧ್ಯಾಹ್ನ ಫ್ರೀಜರಿನ ಪ್ಲಗ್ ಕಿತ್ತು ಕೂಲರ್ ಹಚ್ಚಿಕೊಂಡು ಗಂಟು ಕಟ್ಟಿ ಮುಗಿಸಿದೆ, ಕೈಕಾಲು ತೊಳೆದು ಜುಮ್ಮಾ ನಮಾಜಿಗೆ ಹೋದೆ. ವಾಪಸು ಬರುವಷ್ಟರಲ್ಲಿ ಸೊಲ್ಲಾಪುರ ರಸ್ತೆಯಲ್ಲಿ ಟಂಟಂ ಆಟೋ ಪಲ್ಟಿಯಾಗಿ ಪೆಟ್ಟಾದವರು ಬಂದಿದ್ದರು. ಬಾಗಿಲಲ್ಲೇ ನನ್ನನ್ನು ಒಳಗೆ ಎಳೆದುಕೊಂಡರು. ಸ್ಟೋರಿಗೆ ಬೇರೆಯವರು ಓಡಾಡುತ್ತ ಗಂಟುಗಳನ್ನು ಒಯ್ದರು. ಕಸ ಹೊಡೆಯುವ ಹೆಂಗಸು, ಖಾಲಿ ಕೋಣೆಯಲ್ಲಿ ಕೂಲರ್ ಯಾಕೆ ಎಂದು ಅದರ ಗುಂಡಿ ಒತ್ತಿ ಆರಿಸಿದಳು, ಸದ್ದು ನಿಂತಿದ್ದರಿಂದ ನನಗೂ ಪ್ಲಗ್ಗಿನ ನೆನಪಾಗಲಿಲ್ಲ. ಅವಳ ತಪ್ಪೇನೂ ಇಲ್ಲ. ಕೆಲಸ ಮುಗಿದಾಗ ನನ್ನ ಬಸ್ಸು ಹೊರಡುವ ಹೊತ್ತು. ಸ್ಟೋರಿಗೆ ಇಣುಕದೆ ಬಬಲೇಶ್ವರಕ್ಕೆ ಹೋಗಿಬಿಟ್ಟೆ.

ಶನಿವಾರ ಬೆಳಿಗ್ಗೆ ಸ್ಟೋರಿನ ಬಾಗಿಲು ತೆಗೆದಾಗ ಗುಬ್ಬಿಮರಿ ಚೀಗುಟ್ಟಿದಂಥ ಸದ್ದು. ಎಲ್ಲಿಂದ ಎಂದು ಆಚೆ ಈಚೆ ನೋಡಿದೆ. ಪಟ್ಟಿ ಅಂಟಿಸಿದ ಆ ಗಂಟೆ ಉಸಿರು ಕಟ್ಟಿ ಕೂಗುತ್ತಿತ್ತು. ಮುಚ್ಚಳ ತೆಗೆದರೆ ತಣ್ಣನೆಯ ಹೊಗೆ ಏಳಲಿಲ್ಲ. ತಳದಲ್ಲಿ ನೀರು. ಹುಡುಗಿಗೆ ಹಾಕಬೇಕಾದ ಎಲುಬಿನ ಪೊಟ್ಟಣ ಕೈಗೆ ಮೆತ್ತಗೆ ಬಂತು, ಒಳಚೀಲದಲ್ಲಿ ಕೆಂಪು ನೀರು ಅತ್ತಿತ್ತ ಹರಿಯಿತು.

ನಾನು ಏನು ಮಾಡಿದೆ ಎಂದು ನೇರವಾಗಿ ಹೇಳುತ್ತೇನೆ. ತಳ ಒರೆಸಿದೆ. ಪೊಟ್ಟಣವನ್ನು ಇದ್ದಲ್ಲೇ ಇಟ್ಟೆ. ಪ್ಲಗ್ ಹಚ್ಚಿದೆ. ಸಿಸ್ಟರ್ ಬಂದು ನೋಡುವಷ್ಟರಲ್ಲಿ ಫ್ರೀಜರಿನ ಮೇಲಿನ ತಾಪಮಾನದ ಅಂಕಿ ಕೆಳಗೆ ಇಳಿದಿತ್ತು. ಸಂಜೆಗೆ ಎಲುಬು ಕಲ್ಲಿನಷ್ಟು ಗಟ್ಟಿ.

ನನ್ನ ಮೇಲೆ ನನಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಬೇರೆಲ್ಲರ ಮೇಲೆ. ಮೂರನೆಯ ಪ್ಲಗ್ಗು ಹಾಕಿಸದ ಮ್ಯಾನೇಜರನ ಮೇಲೆ, ಕರೆಂಟಿನವರ ಮೇಲೆ, ಟಂಟಂ ಪಲ್ಟಿ ಮಾಡಿದವನ ಮೇಲೆ, ಕೂಲರ್ ಆರಿಸಿದವಳ ಮೇಲೆ. ಚೀಲ ಒಡೆದಿಲ್ಲವಲ್ಲ, ಮೂರು ಪದರ ಇದೆಯಲ್ಲ, ಒಳಗೆ ಏನು ಹೊಕ್ಕೀತು ಎಂದು ನನಗೆ ನಾನೇ ವಾದ ಮಾಡಿದೆ. ಸಾಹೇಬರಿಗೆ ಹೇಳಿದರೆ ಆಪರೇಷನ್ ಮುಂದೆ ಹೋಗುತ್ತದೆ, ಆ ಅಜ್ಜಿಯನ್ನು ಮತ್ತೆ ಒಪ್ಪಿಸಬೇಕು, ಆ ಬಿರುಕು ಅಲ್ಲಿಯವರೆಗೆ ಕಾಯುತ್ತದೋ ಇಲ್ಲವೋ. ಇವೆಲ್ಲ ಸುಳ್ಳು ಕಾರಣಗಳಲ್ಲ. ಆದರೆ ನಿಜವಾದ ಕಾರಣ, ಚಾಚಾ ಇದ್ದಾರೆ ಬಿಡು ಎಂದು ಸಾಹೇಬರು ಹೇಳುತ್ತಿದ್ದ ಮಾತನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಭಾನುವಾರ ಹುಡುಗಿಯನ್ನು ಭರ್ತಿ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಸಿಸ್ಟರ್ ಓಡಿ ಬಂದಳು. ಅಜ್ಜಿ ತಕರಾರು ತೆಗೆದಿದ್ದಾಳೆ, ಬೇರೆಯವರ ಎಲುಬು ಹಾಕಿಸುವುದಿಲ್ಲ ಎನ್ನುತ್ತಿದ್ದಾಳೆ, ಸೊಸೆಯೂ ಸಹಿ ಮಾಡುತ್ತಿಲ್ಲ, ನೀವೇ ಬಂದು ಹೇಳಿ ಎಂದಳು. ಎಷ್ಟು ಸಲ ಹೇಳುವುದು ಎಂದು ಗೊಣಗುತ್ತ ಹೋದೆ.

ಅಜ್ಜಿ ಮಂಚದ ಕೆಳಗೆ ಕಾಲು ಚಾಚಿ ಕೂತಿದ್ದಳು. ಜಾತಿ ಕೇಳುತ್ತಾಳೆ ಎಂದುಕೊಂಡಿದ್ದೆ. ಅದನ್ನು ಕೇಳಲಿಲ್ಲ.

“ಖರೇ ಹೇಳು ಚಾಚಾ. ಆ ಎಲುಬಿನ ಧಣಿ ಜೀವಂತ ಅದಾನೋ, ಸತ್ತಾನೋ?”

“ಜೀವಂತ ಅದಾನವ್ವಾ. ಹೊಸಾ ಕೀಲ ಹಾಕ್ಕೊಂಡು ಪ್ಯಾಟ್ಯಾಗ ಅಡ್ಡಾಡಾಕತ್ತಾನ.”

“ಕುಡುಕ ಗಿಡುಕ ಅಲ್ಲಲ್ಲ?”

“ಅಲ್ಲಬೇ.”

“ಸಿಟ್ಟಿನಾಂವೇನು? ನಮ್ಮ ಹುಡುಗಿಗೆ ಮೊದಲ ಸಿಟ್ಟು ಭಾಳ. ಇನ್ನೊಬ್ಬಂದೂ ಕೂಡಿದ್ರ ಮದುವಿ ಆದೀತೇನು?”

“ಎಲುಬಿನಾಗ ಸಿಟ್ಟು ಇರಂಗಿಲ್ಲ ಯವ್ವಾ.”

“ನಿನಗೇನ ಗೊತ್ತು, ನಿನ್ನ ಎಲುಬು ತುಂಬಾ ಅದ ಐತಿ,” ಎಂದಳು. ವಾರ್ಡಿನವರು ನಕ್ಕರು. ನಾನೂ ನಕ್ಕೆ.

ತಾಯಿ ನಗಲಿಲ್ಲ. ಅವಳು ಎದ್ದು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು. “ಅದನ್ನ ನೀವ ಕಾಯ್ತೀರಂತಲ್ರಿ ಚಾಚಾರ. ಡಾಕ್ಟರು ಹೇಳಿದ್ದು ನನಗ ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಸ್ವಚ್ಛ ಅದ ಹೌದಿಲ್ಲ? ನೀವು ಹೂಂ ಅಂದ್ರ ನಾ ಸಹಿ ಮಾಡ್ತೇನಿ.”

“ಕೀಲಿ ನನ್ನ ಕಡೇನ ಅದ ತಂಗಿ,” ಎಂದೆ. “ನಾನ ಕಾದೇನಿ. ಚಿಂತಿ ಮಾಡಬ್ಯಾಡ.”

ಅವಳು ಸಹಿ ಮಾಡಿದಳು.

ಸೋಮವಾರ ಬೆಳಿಗ್ಗೆ ಆಪರೇಷನ್ ಶುರುವಾಯಿತು. ಹುಡುಗಿ ಮಲಗುವ ತನಕ ಮಾತಾಡುತ್ತಲೇ ಇದ್ದಳು, ಮೂಗಿಗೆ ಮಾಸ್ಕ್ ಹಿಡಿದಾಗಲೂ ಒಳಗಿನಿಂದ ಏನೋ ಹೇಳುತ್ತಿದ್ದಳು. ಸಾಹೇಬರು ತೊಡೆಯ ಹೊರಪಕ್ಕ ಕೊಯ್ದು, ಸ್ನಾಯು ಸರಿಸಿ, ಎಲುಬಿಗೆ ಸಣ್ಣ ಸಣ್ಣ ತೂತು ಕೊರೆದು ಅವುಗಳನ್ನು ಉಳಿಯಿಂದ ಸೇರಿಸಿ ಕಿಟಕಿ ಎತ್ತಿದರು. ನೀರು ಚಿಮ್ಮಿತು. ಈ ಸಲ ರಕ್ತ ಬೆರೆತಿತ್ತು. ಉದ್ದ ಹಿಡಿಕೆಯ ಚಮಚದಂಥ ಉಪಕರಣದಿಂದ ಒಳಗೋಡೆ ಕೆರೆಯತೊಡಗಿದರು. ಮಣ್ಣಿನ ಗಡಿಗೆಯ ತಳ ಕೆರೆದಂಥ ಸದ್ದು. ಬಂದ ಪೊರೆಯನ್ನು ಪರೀಕ್ಷೆಗೆಂದು ಡಬ್ಬಿಯಲ್ಲಿ ಹಾಕಿದರು. ಮೂಲೆ ಮೂಲೆ ಕೆರೆದರು, ತೊಳೆದರು, ಮತ್ತೆ ಕೆರೆದರು. ಎಲುಬಿನ ಕೆಳಗಿನ ನಾಳಕ್ಕೆ ದಾರಿ ಮುಚ್ಚಿದ್ದ ಗೋಡೆಯನ್ನೂ ಒಡೆದು, ನೀರು ಮತ್ತೆ ನಿಲ್ಲದಂತೆ ಮಾಡಿದರು. ಆಮೇಲೆ ತಲೆ ಎತ್ತದೆ, ಎಲುಬು ತರ್ರಿ ಚಾಚಾ ಎಂದರು.

ಕರಗಿಸಲು ಬೆಚ್ಚಗಿನ ಸಲೈನ್ ಬಟ್ಟಲು ಸಿದ್ಧವಿತ್ತು. ಪೊಟ್ಟಣ ತಂದೆ. ಹೊರಚೀಲ ನಾನು ಬಿಚ್ಚಬೇಕು, ಒಳಗಿನವನ್ನು ಕೈಗವಸು ಹಾಕಿದ ಸಿಸ್ಟರ್ ತೆಗೆದುಕೊಳ್ಳಬೇಕು. ಹೊರಚೀಲ ಬಿಚ್ಚಿದಾಗ ನನಗೆ ಕಂಡದ್ದು ಇಷ್ಟು: ಹರಿದಾಡಿದ ಆ ಕೆಂಪು ನೀರೆಲ್ಲ ಒಂದು ಬದಿಗೆ ಕೂಡಿ ಚಪ್ಪಟೆಯಾಗಿ ಹೆಪ್ಪುಗಟ್ಟಿತ್ತು. ಒಮ್ಮೆಯೂ ಕರಗದ ಎಲುಬಿನಲ್ಲಿ ಹಾಗಿರುವುದಿಲ್ಲ. ಸಿಸ್ಟರ್ ಹೊಸಬಳು, ಅವಳಿಗೆ ತಿಳಿಯದು. ಸಾಹೇಬರು ಗಾಯದೊಳಗೆ ನೋಡುತ್ತಿದ್ದರು. ಸಿಸ್ಟರ್ ಕೈ ಚಾಚಿದಳು.

ನಾನು ಕೊಡಲಿಲ್ಲ.

“ಸಾಹೇಬ್ರ, ಇದನ್ನ ಹಾಕಬ್ಯಾಡ್ರಿ,” ಎಂದೆ. “ಇದು ಕರಗಿತ್ತು. ಶುಕ್ರವಾರ ನಾ ಪ್ಲಗ್ ಕಿತ್ತು ಮರತೇನಿ.”

ಅರಿವಳಿಕೆ ಡಾಕ್ಟರು ಎದ್ದು ನಿಂತರು. ಸಾಹೇಬರು ತಲೆ ಎತ್ತಿ ನನ್ನ ಕಡೆ ನೋಡಿದರು. ಮುಖಕ್ಕೆ ಮಾಸ್ಕ್ ಇದ್ದುದರಿಂದ ಕಣ್ಣು ಮಾತ್ರ ಕಾಣುತ್ತಿತ್ತು.

“ಕಾಲ ಬಿಚ್ಚೂ ತನಕ ಯಾಕ ಕಾದ್ರಿ?” ಎಂದರು.

ಉತ್ತರಕ್ಕೆ ಅವರು ನಿಲ್ಲಲಿಲ್ಲ. ಆ ಎಲುಬು ಹಾಕಿದರೆ ಏನೂ ಆಗದೇ ಇರಬಹುದು, ಕೀವು ಹಿಡಿದರೆ ಕೀಲೇ ಹೋದೀತು, ಅದನ್ನು ಹೊರಗೆ ಹಾಕಿ ಎಂದು ಸಿಸ್ಟರ್‌ಗೆ ಹೇಳಿದರು. ಎಲುಬಿನ ಬದಲು ತುಂಬುವ ಕೃತಕ ಹರಳು ಸೊಲ್ಲಾಪುರದಿಂದ ತರಿಸಬೇಕು, ಬರುವ ತನಕ ಗಾಯ ತೆರೆದಿಡಲು ಬರುವುದಿಲ್ಲ. ಹಾಗೇ ಮುಚ್ಚಿದರೆ ಇನ್ನೊಮ್ಮೆ ಕೊಯ್ಯಬೇಕು, ಅಷ್ಟರಲ್ಲಿ ಕಿಟಕಿ ತೆಗೆದ ಗೋಡೆ ಮುರಿಯುವುದು ಖಂಡಿತ. ಅರಿವಳಿಕೆ ಡಾಕ್ಟರ ಜೊತೆ ಎರಡು ಮಾತಾಡಿ ಸಾಹೇಬರು ನಿರ್ಧರಿಸಿದರು. ಹುಡುಗಿಯ ಸೊಂಟದ ಎಲುಬಿನಿಂದಲೇ, ಬೆಳವಣಿಗೆಯ ಅಂಚಿಗೆ ತಾಗದಂತೆ, ಸಿಗುವಷ್ಟು ತೆಗೆಯುವುದು. ಅದನ್ನು ಬಿರುಕು ಇರುವ ಕಡೆ ತುಂಬುವುದು. ಉಳಿದ ಪೊಳ್ಳು ಖಾಲಿಯೇ ಇರಲಿ. ಸರಳುಗಳು ಹಿಡಿದುಕೊಳ್ಳಲಿ, ಪ್ಲಾಸ್ಟರ್ ಹೆಚ್ಚು ದಿನ ಇರಲಿ, ದೇಹ ತಾನೇ ತುಂಬಿಕೊಳ್ಳುತ್ತದೋ ನೋಡೋಣ.

ಆದರೆ ಸೊಂಟದಿಂದ ತೆಗೆಯಲು ತಾಯಿಯ ಒಪ್ಪಿಗೆ ಪಡೆದಿರಲಿಲ್ಲ.

“ನೀವ ಹೋಗಿ ಕೇಳ್ರಿ,” ಎಂದರು ಸಾಹೇಬರು. “ಯಾಕಂತನೂ ಹೇಳ್ರಿ. ನನ್ನ ಹೆಸರ ಹೇಳಿ ಮುಚ್ಚಬ್ಯಾಡ್ರಿ.”

ತಾಯಿ ಬಾಗಿಲ ಹತ್ತಿರವೇ ಗೋಡೆಗೆ ಒರಗಿ ನಿಂತಿದ್ದಳು. ನನ್ನನ್ನು ಕಂಡು ಮುಗಿಯಿತೇ ಎಂಬಂತೆ ಮುಂದೆ ಬಂದಳು. ಮುಗಿದಿಲ್ಲ ಎಂದೆ. ನಿನ್ನೆ ನಾನು ಹೇಳಿದ್ದು ಸುಳ್ಳು, ಎಲುಬು ನನ್ನ ಕೈಯಿಂದ ಕೆಟ್ಟಿದೆ, ಅದನ್ನು ಹಾಕಿಲ್ಲ, ಈಗ ಮಗಳ ಸೊಂಟದಿಂದ ತೆಗೆಯಬೇಕು, ಇನ್ನೊಂದು ಗಾಯ ಆಗುತ್ತದೆ ಎಂದೆ. ಇಷ್ಟು ಹೇಳಲು ನನಗೆ ಎಷ್ಟು ಹೊತ್ತು ಹಿಡಿಯಿತೋ. ಹಿಂದೆ ಕೂತಿದ್ದ ಅಜ್ಜಿ ಏನಂತ, ಏನಂತ ಎಂದು ಕೇಳುತ್ತಲೇ ಇದ್ದಳು.

“ನಂದು ತಗೋರಿ,” ಎಂದಳು ತಾಯಿ.

ಹಾಗೆ ಒಮ್ಮೆಲೇ ಬರುವುದಿಲ್ಲ, ಪರೀಕ್ಷೆಗಳಾಗಬೇಕು, ಹೊತ್ತಿಲ್ಲ ಎಂದೆ.

“ಒಳಗ ನನ್ನ ಮಗಳ ಕಾಲ ಬಿಚ್ಚಿ ಇಟ್ಟಾರೇನ್ರಿ?”

“ಹೂಂ ಯವ್ವಾ.”

“ಮತ್ತ ಇಲ್ಲಿ ನನ್ನ ಮುಂದ ಕಣ್ಣೀರ ಹಾಕ್ಕೋತ ಯಾಕ ನಿಂತೀರಿ? ಎಲ್ಲಿ ಮಾಡ್ಲಿ ಸಹಿ, ಕೊಡ್ರಿ. ಮಾಡಿ ಒಳಗ ಹೋಗ್ರಿ.”

ನನ್ನ ಕಣ್ಣಲ್ಲಿ ನೀರು ಬಂದದ್ದು ಅವಳು ಹೇಳಿದ ಮೇಲೆ ನನಗೆ ತಿಳಿಯಿತು. ಅದನ್ನು ಕಂಡು ಅವಳಿಗೆ ರೋಸಿಹೋಗಿತ್ತು. ಅವಳದೇ ಸರಿ.

ಒಳಗೆ ಸೊಂಟದ ಭಾಗವನ್ನು ಹೊಸದಾಗಿ ಔಷಧಿ ಹಚ್ಚಿ ಸ್ವಚ್ಛ ಮಾಡಿ, ಬಟ್ಟೆ ಹೊದಿಸಿ, ಸಣ್ಣದಾಗಿ ಕೊಯ್ದರು. ಮಗುವಿನ ಸೊಂಟದಲ್ಲಿ ಎಷ್ಟು ಎಲುಬು ಸಿಕ್ಕೀತು? ಒಂದು ಮುಷ್ಟಿಯೂ ಇಲ್ಲ. ಒದ್ದೆ ಮಂಡಕ್ಕಿಯಂಥ ಮೆತ್ತನೆ ಚೂರು. ಸಾಹೇಬರು ಒಂದು ಚೂರನ್ನೂ ಬಿಡದೆ ಬಿರುಕಿನ ಬದಿಗೆ ತುಂಬಿದರು. ಮೊಣಕಾಲಿನ ಮೇಲಿಂದ ಸರಳು ಏರಿಸುವಾಗ ಒಂದು ಹಾದಿ ತಪ್ಪಿ ಗೋಡೆಗೆ ತಾಗಿತು. ಅದನ್ನು ಹಿಂದಕ್ಕೆ ಎಳೆದು ಮತ್ತೆ ಬಾಗಿಸಿ ಏರಿಸಿದರು. ಸಿ-ಆರ್ಮ್ ಆ ದಿನ ಕೆಡಲಿಲ್ಲ. ಕೊನೆಗೆ ಎದೆಯ ಕೆಳಗಿನಿಂದ ಪಾದದವರೆಗೆ ಪ್ಲಾಸ್ಟರ್ ಕಟ್ಟಿದೆವು. ಅಷ್ಟು ಹೊತ್ತೂ ಸಾಹೇಬರು ನನಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಕೈ ತೊಳೆಯುವಾಗ ಮಾತ್ರ, ಫ್ರೀಜರಿನ ಕೀಲಿ ಸಿಸ್ಟರ್‌ಗೆ ಕೊಡಿ ಎಂದರು. ಕೊಟ್ಟೆ. ಕೆಲಸದಿಂದ ತೆಗೆಯಲಿಲ್ಲ. ಮುಂದೆ ನಾನೇ ಬಿಟ್ಟೆ, ಅದು ಬೇರೆ ಮಾತು.

ಅರಿವಳಿಕೆ ಇಳಿದ ಮೇಲೆ ಹುಡುಗಿ ತೊಡೆಗಿಂತ ಸೊಂಟ ನೋಯುತ್ತದೆ ಎಂದು ಅತ್ತಳು. ಅದು ಎಲ್ಲರಿಗೂ ಹಾಗೆಯೇ, ಎಲುಬು ತೆಗೆದ ಜಾಗ ಹೆಚ್ಚು ನೋಯುತ್ತದೆ. ಅವಳ ಅಳು ಕೇಳಿಸದ ಕಡೆ ಕೆಲಸ ಹುಡುಕಿಕೊಂಡು ಹೋಗುತ್ತಿದ್ದೆ. ಆಸ್ಪತ್ರೆ ಚಿಕ್ಕದು, ಎಲ್ಲ ಕಡೆಯೂ ಕೇಳಿಸುತ್ತಿತ್ತು.

ಆ ಬೇಸಿಗೆ ಪ್ಲಾಸ್ಟರಿನೊಳಗೆ ಅವಳು ಬೆಂದಳು. ಒಂದು ಭಾನುವಾರ ತಿಕೋಟಾಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಟಂಟಂ ಹಿಡಿದು ಕಳ್ಳಕವಟಗಿಗೆ ಹೋದೆ. ಪ್ಲಾಸ್ಟರಿನ ಅಂಚು ತೊಡೆಸಂದಿಗೆ ಉಜ್ಜಿ ಚರ್ಮ ಕೆಂಪಾಗಿತ್ತು. ಅಂಚು ಕತ್ತರಿಸಿ, ಹತ್ತಿ ಇಟ್ಟು ಪಟ್ಟಿ ಹಚ್ಚಿದೆ. ತುರಿಕೆಗೆಂದು ಒಳಗೆ ಜೋಳದ ದಂಟು ತೂರಿಸಿದ್ದರು, ಅದರ ಚೂರು ಒಳಗೇ ಮುರಿದು ನಿಂತಿತ್ತು. ಅದನ್ನು ಹೊರತೆಗೆಯುವಷ್ಟರಲ್ಲಿ ನನಗೂ ಅಜ್ಜಿಗೂ ದೊಡ್ಡ ಜಗಳವಾಯಿತು. ಅವಳು ದಂಟು ಹಾಕಿದ್ದಕ್ಕೆ ನಾನು ಬೈದೆ. ನೀನು ಬೈಯಲು ಯಾರು ಎನ್ನುವಂತೆ ಅವಳು ನೋಡಿದಳು, ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ತಾಯಿ ಚಹಾ ಮಾಡಿ ಕೊಟ್ಟಳು. ಆ ಚಹಾ ಕುಡಿಯುವುದು ಕಷ್ಟವಾಯಿತು. ಅಲ್ಲಿಂದ ಮೇಲೆ ಹೋಗುತ್ತಲೇ ಇದ್ದೆ. ಪ್ರತಿ ಸಲವೂ ಚಹಾ.

ಪ್ಲಾಸ್ಟರ್ ತೆಗೆದ ಮೇಲೆ ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕೂಡಿತ್ತು, ಪೊಳ್ಳು ಇನ್ನೂ ಕರ್ರಗೆ ಇತ್ತು. ಇದು ನನ್ನ ಕೈಯ ಪೊಳ್ಳು ಎಂದು ಅನಿಸಿತು. ಆಮೇಲಿನ ಚಿತ್ರದಲ್ಲಿ ಅದರ ಅಂಚಿನಲ್ಲಿ ಬೂದಿಯಂಥ ಬಿಳುಪು. ಅದರ ಮುಂದಿನದರಲ್ಲಿ ಬಿಳುಪು ಒಳಗೆ ಹರಡಿತ್ತು. ಸಾಹೇಬರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮೂಲೆಯಲ್ಲಿ ಸ್ವಲ್ಪ ಉಳಿದಿದೆ, ಅದು ಉಳಿದರೂ ನಡೆಯುತ್ತದೆ, ಇನ್ನು ಶಾಲೆಗೆ ಹೋಗಲಿ ಎಂದರು. ಆ ದಿನ ತಾಯಿಯ ಮುಖ ಸಡಿಲಾದದ್ದನ್ನು ಮೊದಲ ಸಲ ನೋಡಿದೆ.

ಹೊರಗಿನ ಬೆಂಚಿನ ಮೇಲೆ ಔಷಧಿಗೆ ಕಾಯುತ್ತಿದ್ದಾಗ ಹುಡುಗಿ ಫ್ರಾಕಿನ ಪಕ್ಕ ಸರಿಸಿ ಸೊಂಟದ ಗೆರೆ ತೋರಿಸಿದಳು. ತೊಡೆಯಲ್ಲಿ ಕಾಯಿಲೆ ಇದ್ದರೆ ಇಲ್ಲಿ ಯಾಕೆ ಕೊಯ್ದರು ಎಂದು ಕೇಳಿದಳು. ನಾನು ತಾಯಿಯ ಕಡೆ ನೋಡಿದೆ.

“ಚಾಚಾ ಹೇಳ್ತಾರ, ಕೇಳು,” ಎಂದು ತಾಯಿ ಎದ್ದು ಔಷಧಿ ಅಂಗಡಿಯ ಕಡೆ ಹೋದಳು.

ಹೇಳಿದೆ. ಸೆಕೆಯಾಗಿತ್ತು, ನನಗೆ ಗಾಳಿ ಬೇಕಾಗಿತ್ತು, ನಿನಗೆ ಹಾಕಬೇಕಾದ ಎಲುಬನ್ನು ಕೆಡಿಸಿದೆ, ಕೆಡಿಸಿಲ್ಲ ಎಂದು ನಿನ್ನ ಅವ್ವನಿಗೆ ಹೇಳಿದೆ, ಅದಕ್ಕೆ ನಿನ್ನದೇ ಎಲುಬು ತೆಗೆಯಬೇಕಾಯಿತು ಎಂದೆ. ಅವಳು ಕಾಲು ಅಲ್ಲಾಡಿಸುತ್ತ ಕೇಳಿದಳು.

“ಮತ್ತ ನಿನಗ ಯಾರ ಬೈದ್ರು?”

ಯೋಚಿಸಿದೆ. “ಯಾರೂ ಬೈಲಿಲ್ಲ ಯವ್ವಾ.”

“ಬೈಬೇಕಾಗಿತ್ತು,” ಎಂದಳು. ಬೆಂಚಿನಿಂದ ಮೆಲ್ಲಗೆ ಇಳಿದು, ಎರಡೂ ಕಾಲು ನೆಲಕ್ಕೆ ಸಮ ಊರಿ ನೋಡಿಕೊಂಡು, ತಾಯಿ ಹೋದ ಕಡೆ ನಡೆದಳು.